ಪುಡಿ ಸುರಿದು ಕೋನ ಅಳೆದದ್ದು ಪೇಟೆಂಟ್ ಕೇಸಿಗೆ ಬಂತು

ಅಪ್ಪನದು ಬಾಗಲಕೋಟೆಯಲ್ಲಿ ಮೆಡಿಕಲ್ ಶಾಪ್. ಔಷಧ ಪೇಟೆಂಟ್ ಕೇಸುಗಳ ಕೆಲಸ ಹಿಡಿಯುತ್ತೇನೆ ಎಂದಾಗ ಅವರು ಕೇಳಿದ್ದು ಇಷ್ಟೇ: "ಪೇಟೆಂಟ್ ಅಂದ್ರ ಗುಳಿಗಿ ತುಟ್ಟಿ ಮಾಡೋದಲ್ಲೇನವ್ವಾ?" ಆಗ ನನಗೆ ಉತ್ತರ ಹೇಳಲು ಬರಲಿಲ್ಲ.

ಬೆಳಗಾವಿಯಲ್ಲಿ 4 ವರ್ಷ ಬಿ.ಫಾರ್ಮ್, ಅಲ್ಲೇ 3 ವರ್ಷ ಎಲ್‌ಎಲ್‌ಬಿ, ಆಮೇಲೆ ಪೇಟೆಂಟ್ ಏಜೆಂಟ್ ಪರೀಕ್ಷೆ. ಈ ಪರೀಕ್ಷೆಗೆ ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿ ಬೇಕೇ ಬೇಕು, ಬರೀ ಕಾನೂನು ಓದಿದವರು ಕೂರುವಂತಿಲ್ಲ. ಪಾಸಾದರೆ ಪೇಟೆಂಟ್ ಕಚೇರಿಯಲ್ಲಿ ಕಕ್ಷಿದಾರರ ಪರ ನಿಲ್ಲಬಹುದು. ಕರ್ನಾಟಕಕ್ಕೆ ಅದು ಚೆನ್ನೈ ಕಚೇರಿ. ಹೈಕೋರ್ಟಿನಲ್ಲಿ ವಾದ ಮಾಡಲು ವಕೀಲಿ ಸನ್ನದೇ ಬೇಕು.

ನನ್ನ ಮೊದಲ ಕೆಲಸ ಒಂದು ತಕರಾರು ಅರ್ಜಿ. ಹಳೆಯ ಔಷಧವೊಂದರ ಹೊಸ ಹರಳು ರೂಪಕ್ಕೆ ಕಂಪನಿಯೊಂದು ಪೇಟೆಂಟ್ ಕೇಳಿತ್ತು. ಪೇಟೆಂಟ್ ಕೊಡುವ ಮೊದಲೇ ಪೇಟೆಂಟ್ ಕಾಯ್ದೆಯ ಸೆಕ್ಷನ್ 25(1)ರಲ್ಲಿ ಯಾರು ಬೇಕಾದರೂ ತಕರಾರು ಹಾಕಬಹುದು. ನಾವು ತಕರಾರಿನ ಕಡೆ. ಕಂಪನಿಯ ಅರ್ಜಿಯಲ್ಲಿ ಎರಡು ಮಾತು ಎದ್ದು ಕಾಣುತ್ತಿದ್ದವು: ಈ ಪುಡಿ ಚೆನ್ನಾಗಿ ಹರಿಯುತ್ತದೆ, ತೇವ ಕಡಿಮೆ ಹೀರುತ್ತದೆ.

ಓದುತ್ತಿದ್ದಂತೆ ಕಾಲೇಜಿನ ಲ್ಯಾಬ್ ಕಣ್ಮುಂದೆ ಬಂತು. ಗ್ರಾಫ್ ಹಾಳೆಯ ಮೇಲೆ ಫನೆಲ್ ಹಿಡಿದು ಪುಡಿ ಸುರಿಯುತ್ತಿದ್ದೆವು. ಎಪಿಎಂಸಿಯಲ್ಲಿ ಜೋಳ ಸುರಿದಂತೆ ಗುಡ್ಡೆ ಏಳುತ್ತಿತ್ತು. ಎತ್ತರ, ಬುಡದ ಅಗಲ ಅಳೆದು ಕೋನ ತೆಗೆಯಬೇಕು. ಗುಡ್ಡೆ ತಗ್ಗಾಗಿ ಹರಡಿದಷ್ಟೂ ಹರಿವು ಚೆನ್ನ ಎಂದರ್ಥ. ಆದರೆ ಈ ಹರಿವಿನಿಂದ ಲಾಭ ಯಾರಿಗೆ? ಗುಳಿಗೆ ಒತ್ತುವ ಮಷೀನಿಗೆ. ಅಚ್ಚು ಸಮನಾಗಿ ತುಂಬುತ್ತದೆ, ಒಂದೊಂದು ಗುಳಿಗೆಯ ತೂಕವೂ ಸರಿ ಬರುತ್ತದೆ. ರೋಗಿಯ ಕಾಯಿಲೆ ಅದರಿಂದ ಬೇಗ ವಾಸಿಯಾಗುವುದಿಲ್ಲ, ಅಲ್ವಾ?

ಸೆಕ್ಷನ್ 3(ಡಿ) ಹೇಳುವುದೂ ಇದನ್ನೇ. ಗೊತ್ತಿರುವ ಔಷಧದ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಪರಿಣಾಮ ಹೆಚ್ಚಿರಬೇಕು. 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧ ಗ್ಲಿವೆಕ್‌ನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಪರಿಣಾಮ ಅಂದರೆ ರೋಗ ಗುಣಪಡಿಸುವ ಶಕ್ತಿ. ಹರಿವು, ತೇವ ಹೀರದಿರುವುದು ಅದರ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ತಕರಾರಿನ ಬೆನ್ನೆಲುಬು ಇದೇ ಆಯಿತು. ಆ ಅರ್ಜಿಗೆ ಪೇಟೆಂಟ್ ಸಿಗಲಿಲ್ಲ.

ಅದೇ ಕೇಸಿನಲ್ಲಿ ಒಂದು ತಪ್ಪನ್ನೂ ಮಾಡಿದ್ದೆ. ಮೂರು ದಿನ ಹುಡುಕಿ ಒಂದು ಒಳ್ಳೆ ಸಂಶೋಧನಾ ಲೇಖನ ತಂದಿದ್ದೆ. ಅದು ಅಚ್ಚಾಗಿದ್ದು ಅರ್ಜಿಯ ಆದ್ಯತಾ ದಿನಾಂಕದ ಎರಡು ತಿಂಗಳ ನಂತರ. ಹೊಸದೋ ಹಳೆಯದೋ ಎಂದು ನೋಡುವುದು ಆ ದಿನಾಂಕದಿಂದಲೇ, ಆಮೇಲೆ ಅಚ್ಚಾದದ್ದು ಉಪಯೋಗಕ್ಕೆ ಬರುವುದಿಲ್ಲ. "ತಾರೀಖು ನೋಡಿದೇನವ್ವಾ?" ಎಂದು ಸೀನಿಯರ್ ಹಾಳೆ ವಾಪಸ್ ಕೊಟ್ಟರು. ಅಂದಿನಿಂದ ಏನೇ ಓದಿದರೂ ಮೊದಲು ತಾರೀಖನ್ನೇ ಬರೆದುಕೊಳ್ಳುತ್ತೇನೆ.

ನಿಜವಾಗಿ ಹೊಸದಾದ ಔಷಧಕ್ಕೆ 20 ವರ್ಷದ ಹಕ್ಕು ಸಿಗಲೇಬೇಕು ಎಂದು ನಂಬಿದವಳು ನಾನು. ಅಂಥವರ ಪರವಾಗಿಯೂ ಕೆಲಸ ಮಾಡಿದ್ದೇನೆ. ಅಪ್ಪನಿಗೆ ಕೊನೆಗೆ ಹೇಳಿದ್ದೂ ಅದನ್ನೇ: ಹೊಸ ಗುಳಿಗೆಗೆ ಹಕ್ಕು ಕೊಡೋಣ, ಹಳೆಯದಕ್ಕೇ ಹೊಸ ಅಂಗಿ ತೊಡಿಸಿ ಮತ್ತೆ ಹಕ್ಕು ಕೇಳಿದರೆ ತಡೆಯೋಣ.

ಈ ಕಡೆ ಬರಬೇಕೆಂದಿರುವ ಬಿ.ಫಾರ್ಮ್ ಮಕ್ಕಳು ಗ್ಲಿವೆಕ್ ತೀರ್ಪನ್ನು ಒಮ್ಮೆ ನಿಧಾನವಾಗಿ ಓದಿ. ಪ್ರಾಕ್ಟಿಕಲ್ ಜರ್ನಲ್‌ಗಳನ್ನು ರದ್ದಿಗೆ ಹಾಕಬೇಡಿ. ನನ್ನವು ಈಗಲೂ ಪೇಟೆಂಟ್ ಕಾಯ್ದೆಯ ಪಕ್ಕದಲ್ಲೇ ಇವೆ.