ಅಂತರ್ಯುದ್ಧದಲ್ಲಿ ಹೊರಗಿನವ್ರ ಕೈ: ದೊಡ್ಡ ಯುದ್ಧದ ಸುಳಿವು ಹಿಡಿಯೋದು ಹೇಗೆ
ಯಾರು ಗೆಲ್ತಿದ್ದಾರೆ ಅನ್ನೋದು ಆಮೇಲೆ, ಮೊದ್ಲು ಯಾರ ವಿಮಾನ, ಯಾರ ಪೈಲಟ್ ಅಂತ ನೋಡಿ. ಸ್ಪೇನ್ ಅಂತರ್ಯುದ್ಧ ತಗೊಳ್ಳಿ, 1936ರಲ್ಲಿ ಸರ್ಕಾರದ ವಿರುದ್ಧ ಬಂಡೆದ್ದ ಜನರಲ್ ಫ್ರಾಂಕೋನ ಸೈನ್ಯ ಮೊರಾಕ್ಕೋದಲ್ಲಿ ಸಿಕ್ಕಾಕೊಂಡಿದ್ದಾಗ ಸಮುದ್ರ ದಾಟಿಸಿ ಸ್ಪೇನ್‌ಗೆ ತರೋಕೆ ಹಿಟ್ಲರ್ ಜಂಕರ್ಸ್ ವಿಮಾನ ಕಳ್ಸಿದ, ಆಮೇಲೆ ಜರ್ಮನಿಯ ವಾಯುಪಡೆ ತುಕಡಿ ಕಾಂಡೋರ್ ಲೀಜನ್ನೇ ಬಂತು, ಅದರ ಬಾಂಬಿಗೆ 1937ರ ಏಪ್ರಿಲ್ 26ಕ್ಕೆ ಗೆರ್ನಿಕಾ ಊರು ಸುಟ್ಟೋಯ್ತು. ಹೊಸ ಆಯುಧ ಟೆಸ್ಟ್ ಆಗ್ತಿದ್ಯಾ ಅಂತಾನೂ ನೋಡಿ: ಅಲ್ಲಿ ಹಾರಿದ ಜರ್ಮನ್ ಬಾಂಬರ್ ಸ್ಟೂಕಾನೇ 1939ರಲ್ಲಿ ಪೋಲೆಂಡ್ ಮೇಲೆ ಬಾಂಬ್ ಹಾಕಿದ್ದು. ಎದುರುಗಡೆ, ಸರ್ಕಾರದ ಪರ, ಸೋವಿಯತ್ ಟಿ-26 ಟ್ಯಾಂಕ್ ಇತ್ತು. ನನ್ ಪ್ರಕಾರ ದೊಡ್ಡ ಸುಳಿವು ಬೇರೆ, ನಾವು ತಲೆ ಹಾಕಲ್ಲ ಅಂತ ಒಪ್ಕೊಂಡು, ಅದನ್ನ ನೋಡ್ಕೊಳ್ಳೋ ಲಂಡನ್ ಕಮಿಟೀಲಿ ಕೂತಿದ್ದ ಜರ್ಮನಿ, ಇಟಲಿನೇ ಸೈನ್ಯ ಕಳಿಸ್ತಿದ್ವು, ಬ್ರಿಟನ್ ಫ್ರಾನ್ಸ್‌ಗೆ ಗೊತ್ತಿದ್ರೂ ತಡೀಲಿಲ್ಲ. ಹಾಗಂತ ಎಲ್ಲಾ ಕಡೆ ಹಬ್ಬುತ್ತೆ ಅಂತೇನಿಲ್ಲ; ಆಫ್ರಿಕಾದ ಅಂಗೋಲಾದ ಅಂತರ್ಯುದ್ಧಕ್ಕೆ ಕ್ಯೂಬಾ, ದಕ್ಷಿಣ ಆಫ್ರಿಕಾ ಎರಡೂ ಇಳಿದಿದ್ವು, ಮಹಾಯುದ್ಧ ಆಗ್ಲಿಲ್ಲ.