ಕಂಬಳಿ ಹೊದಿಸಿದ ಮೇಲೆ ನಿಂತ ಗೋದಲಿ

"ದಸರಾ ಗೊಂಬೆ ಬಿಟ್ಟು ಏಸು ಗೊಂಬೆ ಮಾಡ್ತೀಯಾ? ಯಾರಪ್ಪ ತಗೋತಾರೆ?" ನಾನು ಗೋದಲಿ, ಅಂದರೆ ಏಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಸೆಟ್, ಮಾಡಲು ಹೊರಟಾಗ ಚನ್ನಪಟ್ಟಣದಲ್ಲಿ ನನ್ನ ಪಕ್ಕದ ಲೇತಿನ ಅಣ್ಣ ಕೇಳಿದ್ದು ಹೀಗೆ. ಮೊದಲ ವರ್ಷ ಅವನ ಮಾತೇ ನಿಜವಾಯಿತು.

ತಪ್ಪು ನನ್ನದೇ. ಯಾವುದೋ ವಿದೇಶಿ ಚಿತ್ರ ನೋಡಿ ಹಾಗೇ ಕಡೆಯಲು ಹೋದೆ. ಚಾಚಿದ ಕೈ, ಮಂಡಿಯೂರಿದ ಏಸುವಿನ ತಾಯಿ ಮರಿಯಮ್ಮ. ಮರ ತಿರುಗಿಸಿ ಕಡೆಯೋ ಲೇತಿನಲ್ಲಿ ಬರೋದು ದುಂಡು ಮಾತ್ರ ಅಲ್ವಾ? ಕೈಗಳನ್ನು ಬೇರೆ ಮಾಡಿ, ತೂತು ಕೊರೆದು ಅಂಟಿಸಿದೆ. ಆತುರಕ್ಕೆ, ನಾವು ಗೊಂಬೆಗೆ ಬಳಸೋ ಆಲೆ ಮರ ಪೂರ್ತಿ ಒಣಗುವವರೆಗೂ ಕಾಯಲಿಲ್ಲ. ಆಮೇಲೆ ಕೈಗಳೆಲ್ಲ ಸಡಿಲ. ಕಳಿಸಿದ 40 ಸೆಟ್ಟಿನಲ್ಲಿ 25ರಷ್ಟು ವಾಪಸ್ ಬಂದವು. ಕೂಲಿ, ಅರಗು, ಸಾಗಾಣಿಕೆ ಸೇರಿ ಹತ್ತಿರತ್ತಿರ 18,000 ರೂಪಾಯಿ ಹೋಯಿತು. ಮನೆಯಲ್ಲಿ ಒಂದು ವಾರ ಮಾತಿಲ್ಲ.

ಪರಿಚಯದ ಪಾದ್ರಿಯೊಬ್ಬರು ಪೆರು ದೇಶದ ಗೋದಲಿಯ ಫೋಟೊ ತೋರಿಸಿದರು. ಮರಿಯಮ್ಮನ ಗಂಡ ಜೋಸೆಫನಿಗೆ ಕಿವಿ ಮುಚ್ಚುವ ಉಣ್ಣೆ ಟೋಪಿ, ಪಕ್ಕದಲ್ಲಿ ಒಂಟೆ ಜಾತಿಯ ಲಾಮಾ ಪ್ರಾಣಿ! ಆಂಡಿಸ್ ಬೆಟ್ಟದ ಜನ ಏಸುವನ್ನು ತಮ್ಮೂರಲ್ಲೇ ಹುಟ್ಟಿಸಿಕೊಂಡಿದ್ದಾರೆ. ಹಾಗಾದರೆ ಗೋದಲಿಯ ಕುರಿ ಕಾಯೋನು ನಮ್ಮಲ್ಲಿ ಯಾರು? ಕಂಬಳಿ ಹೊದ್ದ ಕುರುಬ. ಕಂಬಳಿ ಹೊದ್ದರೆ ಕೈಯೇ ಕಾಣಲ್ಲ! ಮರಿಯಮ್ಮನಿಗೆ ತಲೆ ಮೇಲೆ ಸೆರಗು, ಕೂಸು ಏಸುವನ್ನು ನೋಡಲು ಬರುವ ಮೂವರು ರಾಜರಿಗೆ ಮೈಸೂರು ಪೇಟ. ಒಬ್ಬೊಬ್ಬರೂ ಒಂದೊಂದೇ ತುಂಡಿನಲ್ಲಿ ಬಂದರು. ಕೂಸು ಮಲಗುವ ಮೇವಿನ ತೊಟ್ಟಿಗೆ ಟೊಳ್ಳು ಕಡೆದು ನಡುವೆ ಸೀಳಿದೆ, ಒಂದಕ್ಕೆ ಎರಡು.

ತೊಂದರೆ ಕೊಟ್ಟದ್ದು ಹೊಳಪು. ಅರಗು ಹಚ್ಚಿ, ಹೊಳಪಿಗೆ ಕೇದಗೆ ಎಲೆ ಒತ್ತಿ ಹಿಡಿದರೆ ಕಂಬಳಿ ರೇಷ್ಮೆಯ ಹಾಗೆ ಮಿಂಚುತ್ತದೆ. ಎಲೆ ಬದಲು ಏನು ಹಿಡಿದೆ ಅನ್ನೋದನ್ನು ಮಾತ್ರ ಹೇಳಲ್ಲ, ನಾಲ್ಕು ತಿಂಗಳು ಒದ್ದಾಡಿದ್ದೇನೆ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಜರ್ಮನಿಯ ಸೈಫನ್ ಊರಿನವರು ಹಸಿ ಮರದಲ್ಲಿ ದೊಡ್ಡ ಬಳೆ ಕಡೆದು, ಅದನ್ನು ಸೀಳಿ ಸೀಳಿ ಪ್ರಾಣಿ ತೆಗೆಯುತ್ತಾರೆ. ಒಂದು ಬಳೆಗೆ ಹತ್ತಾರು ಕುರಿ. ನಾನೂ ನೋಡೇಬಿಡೋಣ ಅಂತ ಕೂತೆ. ನನಗೆ ಸಿಗೋ ಆಲೆ ಐದಾರು ಇಂಚು ದಪ್ಪ, ಬಳೆ ಚಿಕ್ಕದಾಯಿತು. ಕುರಿಗಳ ಮೂತಿ ಚೂಪು, ಬಾಲದ ಕಡೆ ಅಗಲ. ಮಗಳು ನೋಡಿ "ಅಪ್ಪಾ, ಇಲಿ ಚೆನ್ನಾಗಿದೆ" ಅಂದಳು. ಸುಮ್ನೆ ಎತ್ತಿಟ್ಟೆ. ಈಗ ಕುರಿಗೆ ಎರಡು ಗುಂಡು, ನಾಲ್ಕು ಕಡ್ಡಿ.

ಹೋದ ಕ್ರಿಸ್‌ಮಸ್‌ಗೆ 120 ಸೆಟ್ ಹೋದವು, ಒಂದಕ್ಕೆ 1,400ರಂತೆ. ಖರ್ಚು ಕಳೆದು ಅರ್ಧ ಉಳಿದಿರಬೇಕು. ಪಕ್ಕದ ಲೇತಿನ ಅಣ್ಣನೇ ಈಗ ನನಗೆ ಕುರಿ ಕಡೆದು ಕೊಡುತ್ತಾನೆ, ಒಂದಕ್ಕೆ 12 ರೂಪಾಯಿ. ದೇವದೂತನ ರೆಕ್ಕೆಗೆ ಇನ್ನೂ ದಾರಿ ಸಿಕ್ಕಿಲ್ಲ. ಸದ್ಯಕ್ಕೆ ಸೆಟ್ಟಿನಲ್ಲಿ ನಕ್ಷತ್ರ ಮಾತ್ರ.