ಅಂಗಡಿಯಲ್ಲಿ ವಾರಕ್ಕೊಂದು ಡಿ ಅಂಡ್ ಡಿ ಮೇಜು ನಡೆಸುವುದು ಹೇಗೆ

ಮನೆಯಲ್ಲಿ ನಾಲ್ವರು ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸಿದ ಅಭ್ಯಾಸವನ್ನೇ ನೆಚ್ಚಿಕೊಂಡು ಬೋರ್ಡ್ ಗೇಮ್ ಅಂಗಡಿಯಲ್ಲಿ ಮೇಜು ಹಾಕಿದರೆ ಮೂರನೆಯ ವಾರಕ್ಕೇ ತೊಡಕು ಶುರುವಾಗುತ್ತದೆ. ಈ ಆಟದಲ್ಲಿ ಒಬ್ಬರು ಡಿಎಂ, ಅಂದರೆ ಡಂಜನ್ ಮಾಸ್ಟರ್ ಆಗಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ, ಮಾಡಹೊರಟದ್ದು ಫಲಿಸಿತೇ ಎಂಬುದನ್ನು ದಾಳ ಹೇಳುತ್ತದೆ. ಮೊದಲ ವಾರ ಆರು ಜನ ಬಂದಿರುತ್ತಾರೆ. ಎರಡನೆಯ ವಾರ ಅವರಲ್ಲಿ ನಾಲ್ವರು. ಮೂರನೆಯ ವಾರ ಇಬ್ಬರು ಹಳಬರು, ಮೂವರು ಹೊಸಬರು. ಕಥೆ ಮಾತ್ರ ಕಳೆದ ವಾರ ಗುಹೆಯ ನಟ್ಟನಡುವೆ ನಿಂತಿದೆ, ಅಲ್ಲಿ ನಿಂತ ನಾಲ್ವರಲ್ಲಿ ಇಬ್ಬರು ಇವತ್ತು ಇಲ್ಲ. ಅಂಗಡಿಯ ಮೇಜನ್ನು ಕಟ್ಟುವಾಗ ಹಾಗಾಗಿ ಒಂದೇ ಪ್ರಶ್ನೆ ಮುಂದಿಟ್ಟುಕೊಳ್ಳಿ: ಇವತ್ತು ಯಾರು ಬಂದರೂ, ಎಷ್ಟು ಜನ ಬಂದರೂ ಆಟ ನಡೆಯುತ್ತದೆಯೇ? ಮುಂದಿನದೆಲ್ಲ ಇದಕ್ಕೆ ಉತ್ತರ.

ಮೊದಲು ಅಂಗಡಿಯವರ ಜತೆ ಮಾತು

ದಿನ, ಹೊತ್ತು, ಮೇಜು, ದುಡ್ಡು, ಈ ನಾಲ್ಕನ್ನೂ ಅಂಗಡಿಯವರ ಜತೆ ಕೂತು ಮೊದಲೇ ಗೊತ್ತುಮಾಡಿಕೊಳ್ಳಿ. ಮ್ಯಾಜಿಕ್ ಎಂಬ ಕಾರ್ಡ್ ಆಟ ಆಡುವ ಅಂಗಡಿಗಳಲ್ಲಿ ಶುಕ್ರವಾರದ ಸಂಜೆ ಸಾಮಾನ್ಯವಾಗಿ ಪಂದ್ಯಕ್ಕೆ ಮೀಸಲು. ಆ ಗದ್ದಲದಲ್ಲಿ ಕಥೆ ಹೇಳಲು ಹೋದರೆ ಮೇಜಿನ ಆ ತುದಿಯಲ್ಲಿ ಕೂತವರಿಗೆ ಅರ್ಧವೂ ಕೇಳಿಸುವುದಿಲ್ಲ. ಭಾನುವಾರ ಮಧ್ಯಾಹ್ನ ನಾಲ್ಕರಿಂದ ಏಳು ಒಳ್ಳೆಯ ಹೊತ್ತು: ಊಟ ಮುಗಿದಿರುತ್ತದೆ, ಮಾರನೆಯ ದಿನ ಕೆಲಸಕ್ಕೆ ಹೋಗುವವರೂ ನೆಮ್ಮದಿಯಿಂದ ಮನೆ ಸೇರುತ್ತಾರೆ. ಗೋಡೆಯ ಪಕ್ಕದ ಮೇಜು ಕೇಳಿ. ನೀವು ಗೋಡೆಗೆ ಬೆನ್ನು ಹಾಕಿ ಕೂತರೆ ದನಿ ಆಟಗಾರರ ಕಡೆಗೇ ಹೋಗುತ್ತದೆ, ನಿಮ್ಮ ಕಾಗದಗಳನ್ನು ಹಿಂದಿನಿಂದ ಯಾರೂ ಇಣುಕುವುದಿಲ್ಲ.

ದುಡ್ಡಿನ ಮಾತನ್ನು ಸಂಕೋಚಪಟ್ಟು ಬಿಡಬೇಡಿ. ಮೂರು ಗಂಟೆ ಆರು ಕುರ್ಚಿ ಹಿಡಿದು ಕೂತವರು ಒಂದು ಕಾಫಿಯನ್ನೂ ಕೊಳ್ಳದಿದ್ದರೆ ಆ ಮೇಜು ಹೆಚ್ಚು ದಿನ ನಿಮಗೆ ಸಿಗುವುದಿಲ್ಲ. ತಲೆಗಿಷ್ಟು ಎಂದು ಶುಲ್ಕವಿಡುವುದೋ, ತಿಂಡಿ ಕಾಫಿ ಅಲ್ಲೇ ಕೊಳ್ಳಬೇಕು ಎನ್ನುವುದೋ, ಒಂದನ್ನು ನಿರ್ಧರಿಸಿ, ಆಹ್ವಾನದ ಸಂದೇಶದಲ್ಲೇ ಬರೆಯಿರಿ. ಹೊರಗಿನ ತಿಂಡಿ ತರುವಂತಿಲ್ಲ ಎಂಬುದನ್ನೂ ಸೇರಿಸಿ.

ಯಾವ ನಿಯಮ, ಯಾವ ಭಾಷೆ

ಆಟದ ನಿಯಮಗಳ ಐದನೆಯ ಆವೃತ್ತಿಯಲ್ಲಿ ಈಗ ಎರಡು ರೂಪಗಳು ಬಳಕೆಯಲ್ಲಿವೆ: 2014ರದು, 2024ರದು. ಯಾವುದಾದರೂ ಒಂದನ್ನು ಆರಿಸಿ, ಅದನ್ನು ಆಹ್ವಾನದಲ್ಲೇ ಹೇಳಿ. ಎರಡನ್ನೂ ಬೆರೆಸಿದರೆ ಜಗಳ ಸಣ್ಣ ಸಣ್ಣ ಕಡೆ ಹುಟ್ಟುತ್ತದೆ. 2014ರಲ್ಲಿ ಗಾಯ ಮಾಗಿಸುವ ಔಷಧಿ ಕುಡಿಯಲು ಸರದಿಯ ಮುಖ್ಯ ಕೆಲಸವಾದ ಇಡೀ ಆ್ಯಕ್ಷನ್ ಬೇಕು, 2024ರಲ್ಲಿ ಅದರ ಜತೆಗಿನ ಸಣ್ಣ ಕೆಲಸವಾದ ಬೋನಸ್ ಆ್ಯಕ್ಷನ್ ಸಾಕು. ಪಂಗಡ ಎಂದರೆ ಪಾತ್ರದ ಕಸುಬು, ಉಪಪಂಗಡ ಎಂದರೆ ಅದರೊಳಗಿನ ಕವಲು: 2014ರ ಕ್ಲೆರಿಕ್, ಅಂದರೆ ದೈವಬಲದ ಪುರೋಹಿತ, ಮೊದಲ ಹಂತದಲ್ಲೇ (ಲೆವೆಲ್) ತನ್ನ ಉಪಪಂಗಡ ಆರಿಸುತ್ತಾನೆ, 2024ರಲ್ಲಿ ಎಲ್ಲರಿಗೂ ಅದು ಮೂರನೆಯ ಹಂತಕ್ಕೆ. ಕೈಯಲ್ಲಿ ಯಾವ ಪುಸ್ತಕ ಇದೆಯೋ ಅದೇ ಸರಿ ಎಂದು ಆಟಗಾರ ನಂಬಿರುತ್ತಾನೆ, ತಪ್ಪು ಅವನದಲ್ಲ.

ಪುಸ್ತಕ ಕೊಳ್ಳದೆಯೂ ಆಟ ಶುರುಮಾಡಬಹುದು. ನಿಯಮಗಳ ಮುಖ್ಯ ಭಾಗವಾದ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಇದು 2014ರ ರೂಪ, ಪ್ರತಿ ಪಂಗಡಕ್ಕೆ ಒಂದೇ ಉಪಪಂಗಡ ಅದರಲ್ಲಿದೆ. ಅಂಗಡಿಯ ಮೇಜಿಗೆ ಅದು ಕೊರತೆಯಲ್ಲ, ಅನುಕೂಲ: ಹೊಸಬರು ಆಯ್ಕೆಯ ರಾಶಿಯಲ್ಲಿ ಕಳೆದುಹೋಗುವುದಿಲ್ಲ. ಆ ಪರವಾನಗಿ ಅನುವಾದಕ್ಕೂ ಅವಕಾಶ ಕೊಡುತ್ತದೆ. ಅಂದರೆ ಪಾತ್ರದ ಹಾಳೆ, ಮಂತ್ರಗಳ ಚೀಟಿ, ನಿಯಮಗಳ ಸಾರ ಎಲ್ಲವನ್ನೂ ಕನ್ನಡದಲ್ಲಿ ಬರೆದು, ಮುದ್ರಿಸಿ ಹಂಚಬಹುದು. ಮೂಲದಲ್ಲಿ ಕೊಟ್ಟಿರುವ ಕೃತಜ್ಞತೆಯ ಸಾಲನ್ನು ಹಾಳೆಯ ಕೆಳಗೆ ಹಾಕುವುದು, ಬದಲಾವಣೆ ಮಾಡಿದ್ದರೆ ಹಾಗೆಂದು ತಿಳಿಸುವುದು, ಇಷ್ಟೇ ಕಟ್ಟಳೆ. ಬಿಹೋಲ್ಡರ್, ಮೈಂಡ್ ಫ್ಲೇಯರ್‌ನಂಥ ಪ್ರಾಣಿಗಳ ವಿವರ ಅದರಲ್ಲಿಲ್ಲ, ಅವನ್ನು ನಿಮ್ಮ ಹಾಳೆಗೆ ತರಬೇಡಿ.

ಕನ್ನಡ ಹಾಳೆ ಮಾಡುವವರಿಗೆ ನಮ್ಮ ಸಲಹೆ: ಆರು ಗುಣಗಳನ್ನು ಬಲ, ಚುರುಕು, ತ್ರಾಣ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಬರೆಯಿರಿ. ಹಿಟ್ ಪಾಯಿಂಟ್‌ಗೆ ‘ಜೀವ’ ಸಾಕು, ವಿಡಿಯೋ ಗೇಮ್ ಆಡುವ ಮಕ್ಕಳೂ ಹಾಗೇ ಅನ್ನುತ್ತಾರೆ. ಹೊಡೆತ ತಾಗಲು ಎದುರಾಳಿಯ ದಾಳ ಮುಟ್ಟಬೇಕಾದ ಸಂಖ್ಯೆಯಾದ ಆರ್ಮರ್ ಕ್ಲಾಸ್ ಅನ್ನು ಮಾತ್ರ ‘ಎಸಿ’ ಎಂದೇ ಬಿಡಿ. ಎಲ್ಲ ಪದಗಳನ್ನೂ ಕನ್ನಡಿಸಿದರೆ ನಾಳೆ ಇಂಗ್ಲಿಷ್ ಪುಸ್ತಕ ತೆರೆದ ಹುಡುಗಿಗೆ ಏನೂ ಸಿಗದಂತಾಗುತ್ತದೆ. ಮೇಜಿನ ಮಾತು ಕನ್ನಡದಲ್ಲಿ ನಡೆದರೆ ಪಾತ್ರಗಳಿಗೆ ಜೀವ ಬೇಗ ಬರುತ್ತದೆ. ಹಳ್ಳಿಯ ಗೌಡ ಮಂಡ್ಯದ ಧಾಟಿಯಲ್ಲಿ ಗದರಿದರೆ, ವ್ಯಾಪಾರಿ ಹುಬ್ಬಳ್ಳಿಯ ಮಾತಿನಲ್ಲಿ ಚೌಕಾಶಿಗೆ ಇಳಿದರೆ ಯಾರು ಯಾರೆಂದು ಮತ್ತೆ ಹೇಳಬೇಕಿಲ್ಲ.

ಐದು ಕುರ್ಚಿ, ದಾರಿಯಲ್ಲಿ ಬಂದವರಿಗೆ ಇನ್ನೊಂದು

ಲೆಕ್ಕ ನೋಡಿ. ಕಾಳಗದಲ್ಲಿ ಒಬ್ಬ ಆಟಗಾರನ ಸರದಿಗೆ ಒಂದೂವರೆ ನಿಮಿಷ, ಡಿಎಂ ಸರದಿಗೆ ಮೂರು ನಿಮಿಷ ಎಂದಿಟ್ಟುಕೊಳ್ಳಿ. ಐವರಿದ್ದರೆ ತನ್ನ ಸರದಿ ಮುಗಿಸಿದವನು ಮತ್ತೆ ದಾಳ ಹಿಡಿಯಲು 9 ನಿಮಿಷ ಕಾಯಬೇಕು. ಎಂಟು ಜನರಾದರೆ 13 ನಿಮಿಷ ದಾಟುತ್ತದೆ, ಅಷ್ಟರಲ್ಲಿ ಕೈ ಫೋನಿಗೆ ಹೋಗಿರುತ್ತದೆ. ಐದು ಕುರ್ಚಿ ಇಟ್ಟುಕೊಂಡು ಆರನೆಯದನ್ನು ದಾರಿಯಲ್ಲಿ ಬಂದವರಿಗೆ ಬಿಡಿ. ಏಳು ಜನ ಬಂದರೆ ಇನ್ನೊಬ್ಬ ಡಿಎಂ ಬೇಕು, ಹೆಚ್ಚುವರಿ ಕುರ್ಚಿಯಲ್ಲ.

ಬರುತ್ತೇನೆ ಎಂಬ ಮಾತನ್ನು ಹಿಂದಿನ ದಿನ ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಪಡೆಯಿರಿ. ಬೆಂಗಳೂರಿನಂಥ ಊರಿನಲ್ಲಿ ಕಾಲು ಗಂಟೆ ತಡ ಸಹಜ. ಹಾಗೆಂದು ಆಟವನ್ನು ಅರ್ಧ ಗಂಟೆ ಮುಂದೂಡಿದರೆ ಸಮಯಕ್ಕೆ ಬಂದವರು ಮುಂದಿನ ವಾರ ತಾವೂ ತಡವಾಗಿ ಬರುತ್ತಾರೆ. ಮೂವರು ಸೇರಿದ ತಕ್ಷಣ ಶುರುಮಾಡಿ.

ಪೆಟ್ಟಿಗೆಯಲ್ಲಿ ಏನಿರಬೇಕು

ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬ, ಸಾಧ್ಯವಾದರೆ ಅಂಗಡಿಯಲ್ಲೇ ಇಡುವಂಥದ್ದು. ಅದರಲ್ಲಿ ಏಳು ದಾಳಗಳ ನಾಲ್ಕು ಸೆಟ್, ಒಂದೊಂದು ಸೆಟ್ ಒಂದೊಂದು ಬಣ್ಣ. ಹನ್ನೆರಡು ಮುಖದ್ದನ್ನೂ ಇಪ್ಪತ್ತು ಮುಖದ್ದನ್ನೂ ಹೊಸಬರು ಅದಲುಬದಲು ಮಾಡುತ್ತಾರೆ. ಹತ್ತು ಮುಖದ ದಾಳದಲ್ಲಿ 0 ಬಿದ್ದರೆ ಹತ್ತು ಎಂಬುದೂ ತಿಳಿದಿರುವುದಿಲ್ಲ. ಚೌಕಾಬಾರದ ಕವಡೆ ಎಣಿಸಿ ಬೆಳೆದವರಿಗೆ ಗರ ಓದುವುದು ಹೊಸದೇನಲ್ಲ, ಆಕಾರಗಳಷ್ಟೇ ಹೊಸವು. ಏಳೂ ದಾಳಗಳ ಚಿತ್ರ ಬರೆದ ಒಂದು ಹಾಳೆಯನ್ನು ಮೇಜಿನ ನಡುವೆ ಇಟ್ಟರೆ ಅರ್ಧ ಪ್ರಶ್ನೆ ಕಡಿಮೆಯಾಗುತ್ತವೆ.

ಒಂದಂಗುಲದ ಚೌಕಗಳಿರುವ ವಿನೈಲ್ ಮ್ಯಾಟ್ ಒಂದು. ಒಂದು ಚೌಕ ಎಂದರೆ ಐದು ಅಡಿ. ಅದರ ಮೇಲೆ ಬರೆಯಲು ವೆಟ್ ಇರೇಸ್ ಪೆನ್ನನ್ನೇ ಬಳಸಿ. ಬಿಳಿ ಹಲಗೆಗೆ ಬಳಸುವ ಡ್ರೈ ಇರೇಸ್ ಮಾರ್ಕರ್ ವಿನೈಲ್‌ನೊಳಗೆ ಇಳಿದು ಕಲೆ ಉಳಿಸುತ್ತದೆ. ಸರಿಯಾದ ಪೆನ್ನಾದರೂ ಕೆಂಪು ಬಣ್ಣ ಬೇಡ, ಬರೆದದ್ದನ್ನು ಮುಂದಿನ ವಾರದವರೆಗೆ ಬಿಡಲೂ ಬೇಡಿ. ಎದ್ದೇಳುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಮಿನಿಯೇಚರ್ ಕೊಳ್ಳುವ ಅವಸರ ಏನೂ ಇಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಸಣ್ಣ ಮರದ ಗೊಂಬೆಗಳು, ಕೇರಂ ಕಾಯಿ, ಅಂಗಿಯ ಗುಂಡಿ, ಒಂದಂಗುಲ ಚೌಕದಲ್ಲಿ ಕೂರುವ ಯಾವುದಾದರೂ ನಡೆಯುತ್ತದೆ. ಜತೆಗೆ ಹತ್ತು ಪೆನ್ಸಿಲ್, ಎರಡು ರಬ್ಬರ್, ಮಡಚಿ ನಿಲ್ಲಿಸಲು ದಪ್ಪ ಕಾಗದದ ಹೆಸರುಚೀಟಿಗಳು. ಚೀಟಿಯ ಒಂದು ಬದಿ ಆಟಗಾರನ ಹೆಸರು, ಇನ್ನೊಂದು ಬದಿ ಪಾತ್ರದ ಹೆಸರು ಮತ್ತು ಎಸಿ. ಕಾಳಗ ಶುರುವಾದಾಗ ಅವನ್ನೇ ದಾಳ ಹಾಕಿ ಗೊತ್ತುಮಾಡಿದ ಇನಿಷಿಯೇಟಿವ್ ಕ್ರಮದಲ್ಲಿ, ಡಿಎಂ ತನ್ನ ಮುಂದೆ ನಿಲ್ಲಿಸಿಕೊಳ್ಳುವ ಪರದೆಯ ಮೇಲೆ ಸಿಕ್ಕಿಸಿದರೆ ಸರದಿಯಲ್ಲಿ ತಪ್ಪಾಗುವುದಿಲ್ಲ.

ಸಿದ್ಧ ಪಾತ್ರಗಳು, ಮೊದಲ ಹಂತದ ಅಪಾಯ

ಬಂದ ಮೇಲೆ ಪಾತ್ರ ಮಾಡುತ್ತ ಕೂತರೆ ಒಂದು ಗಂಟೆ ಅದಕ್ಕೇ ಹೋಗುತ್ತದೆ. ಎಂಟು ಸಿದ್ಧ ಪಾತ್ರಗಳನ್ನು ಮುದ್ರಿಸಿಡಿ: ಫೈಟರ್ (ಯೋಧ) ಎರಡು, ರೋಗ್ (ಕಳ್ಳ) ಎರಡು, ಕ್ಲೆರಿಕ್ ಎರಡು, ವಿಜರ್ಡ್ (ಮಂತ್ರವಾದಿ) ಒಂದು, ಬಾರ್ಬೇರಿಯನ್ (ಕಾಡುವೀರ) ಒಂದು. ಎಲ್ಲದರ ಆರು ಗುಣಗಳಿಗೂ 15, 14, 13, 12, 10, 8 ಎಂಬ ನಿಗದಿತ ಅಂಕಗಳನ್ನೇ ಹಂಚಿ. ಮನೆಯಲ್ಲಿ ದಾಳ ಹಾಕಿ ಮಾಡಿದೆ ಎಂದು 18, 17, 17 ತರುವವರಿಗೆ ಆಗ ಉತ್ತರ ಸಿದ್ಧವಿರುತ್ತದೆ. ಹಾಳೆಯಲ್ಲಿ ‘ನಿನ್ನ ಸರದಿಯಲ್ಲಿ ಇದನ್ನು ಮಾಡು’ ಎಂದು ಮೂರೇ ಸಾಲು ಬರೆಯಿರಿ, ಕೂಡಿಸಬೇಕಾದ ಸಂಖ್ಯೆಯನ್ನು ಪಕ್ಕದಲ್ಲೇ ದಪ್ಪಕ್ಷರದಲ್ಲಿ ಕೊಡಿ.

ಮೊದಲ ಹಂತದ ಪಾತ್ರಗಳು ಎಷ್ಟು ಸೂಕ್ಷ್ಮ ಎಂಬುದನ್ನು ಹೊಸ ಡಿಎಂಗಳು ಅಂದಾಜು ಮಾಡುವುದಿಲ್ಲ. ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನ ಹೊಡೆತ 2014ರ ನಿಯಮದಲ್ಲಿ ಒಂದು ಆರು ಮುಖದ ದಾಳ ಮತ್ತು 2. ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದು ಕ್ರಿಟಿಕಲ್ ಆದರೆ ಎರಡು ದಾಳ ಮತ್ತು 2, ಗರಿಷ್ಠ 14. ತ್ರಾಣ 13 ಇರುವ ವಿಜರ್ಡ್‌ಗೆ ಜೀವ 7. ಜೀವ ಸೊನ್ನೆಯಾದ ಮೇಲೂ ಉಳಿದ ಹೊಡೆತ 7, ಅವನ ಪೂರ್ಣ ಜೀವಕ್ಕೆ ಸಮ. ಅಲ್ಲಿಗೆ ಅವನು ಮೂರ್ಛೆ ಹೋಗುವುದಿಲ್ಲ, ಸತ್ತೇಹೋಗುತ್ತಾನೆ. ಆಡಲು ಮೊದಲ ಸಲ ಬಂದವನಿಗೆ ಹತ್ತು ನಿಮಿಷದಲ್ಲಿ ಹೀಗಾದರೆ ಅವನು ಮತ್ತೆ ಬರುವುದು ಕಷ್ಟ. ಅದೇ ನಿಯಮದ ಲೆಕ್ಕದಲ್ಲಿ ಮೊದಲ ಹಂತದ ನಾಲ್ವರ ಎದುರು ನಾಲ್ಕು ಗಾಬ್ಲಿನ್ ಎಂದರೆ ‘ಮಾರಕ’ ದರ್ಜೆಯ ಕಾಳಗ. ಆದ್ದರಿಂದ ಮೊದಲ ಹಂತದಲ್ಲಿ ಶತ್ರುಗಳಿಗೆ ಕ್ರಿಟಿಕಲ್ ಇಲ್ಲ ಎಂದು ಮುಂಚೆಯೇ ಘೋಷಿಸಿ, ಗಾಬ್ಲಿನ್‌ಗಳ ಸಂಖ್ಯೆಯನ್ನು ಆಟಗಾರರಿಗಿಂತ ಒಂದು ಕಡಿಮೆ ಇಡಿ. ಮೂವರಿಗೆ ಎರಡು, ಐವರಿಗೆ ನಾಲ್ಕು ಎಂದು ಚೀಟಿಯಲ್ಲಿ ಬರೆದಿಟ್ಟರೆ ಎಷ್ಟು ಜನ ಬಂದರೂ ಅಲ್ಲೇ ಹೊಂದಿಸಬಹುದು.

ಒಂದು ಸೆಷನ್ ಆಡಿದವರಿಗೆ ಎರಡನೆಯ ಹಂತ, ಇನ್ನೆರಡು ಆಡಿದವರಿಗೆ ಮೂರನೆಯದು, ಮತ್ತೆ ಮೂರಕ್ಕೆ ನಾಲ್ಕನೆಯದು. ಅನುಭವದ ಅಂಕ ಕೂಡಿಸುತ್ತ ಕೂರಬೇಡಿ. ಒಂದೇ ಮೇಜಿನಲ್ಲಿ 1ರಿಂದ 4ನೇ ಹಂತದವರು ಒಟ್ಟಿಗೆ ಆಡಬಹುದು, ಐದನೆಯ ಹಂತವೇ ಗಡಿ. ಆ ಹಂತಕ್ಕೆ ವಿಜರ್ಡ್ ಕೈಗೆ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಬರುತ್ತದೆ, ಹೊಡೆತ ಆರು ಮುಖದ ಎಂಟು ದಾಳ, ಸರಾಸರಿ 28. ಅಂಥವರ ಎದುರು ನಿಲ್ಲುವ ಶತ್ರು ಹೊಸಬನನ್ನು ಒಂದೇ ಏಟಿಗೆ ಮುಗಿಸುತ್ತಾನೆ. ಐದು ಮುಟ್ಟಿದವರಿಗೆ ಬೇರೆ ಮೇಜು ಹಾಕಿ, ಇಲ್ಲವೇ ಹೊಸ ಪಾತ್ರ ಕೊಡಿ.

ಸಂಜೆಗೊಂದು ಕಥೆ

ಪ್ರತಿ ವಾರ ಊರಿನಿಂದ ಹೊರಟು ಊರಿಗೇ ಮರಳಬೇಕು. ಇದು ಈ ಬರಹದ ಅತಿ ಮುಖ್ಯ ಮಾತು. ಊರ ಕಟ್ಟೆಯಲ್ಲಿ ಮೂರು ಸುದ್ದಿ ಇಡಿ: ಕೆರೆಯಲ್ಲಿ ಮೀನು ಸಾಯುತ್ತಿವೆ, ಗಣಿಯಿಂದ ಕೂಲಿಗಳು ಮರಳಿಲ್ಲ, ಹಳೆಯ ಗುಡಿಯಲ್ಲಿ ರಾತ್ರಿ ದೀಪ ಕಾಣುತ್ತದೆ. ಬಂದವರು ಒಂದನ್ನು ಆರಿಸಲಿ. ಬಾರದವರ ಪಾತ್ರ ಊರಲ್ಲೇ ಉಳಿದಿದೆ ಎಂದರೆ ಮುಗಿಯಿತು. ಅವರ ಪಾತ್ರವನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಸತ್ತರೆ ಉತ್ತರ ಹೇಳಬೇಕಾದವರು ನೀವು.

ಸಿದ್ಧತೆಯ ವಿಷಯದಲ್ಲಿ ತಾಳಮದ್ದಲೆ ಬಲ್ಲವರಿಗೆ ಬೇರೆ ಪಾಠ ಬೇಕಿಲ್ಲ. ಅಲ್ಲಿ ಪ್ರಸಂಗದ ಪದ್ಯ ಮೊದಲೇ ಇರುತ್ತದೆ, ಅರ್ಥ ಮಾತ್ರ ಕೂತಲ್ಲೇ ಹುಟ್ಟುತ್ತದೆ. ನೀವೂ ಪದ್ಯದಷ್ಟನ್ನೇ ಸಿದ್ಧಮಾಡಿ: ಯಾರಿಗೆ ಏನು ಬೇಕು, ಯಾರು ಅಡ್ಡ ನಿಂತಿದ್ದಾರೆ, ಯಾರೂ ತಡೆಯದಿದ್ದರೆ ಏನಾಗುತ್ತದೆ. ಸಂಭಾಷಣೆ ಬರೆದುಕೊಂಡು ಬಂದರೆ ಆಟಗಾರರು ಆ ಮಾತು ಕೇಳುವ ಬಾಗಿಲಿಗೇ ಹೋಗುವುದಿಲ್ಲ.

ಮೂರು ಗಂಟೆಗೆ ಎರಡು ಕಾಳಗ, ಒಂದು ಮಾತುಕತೆ, ಒಂದು ಒಗಟು ಸಾಕು. ಐವರಿರುವ ನಾಲ್ಕು ಸುತ್ತಿನ ಕಾಳಗವೇ ಮುಕ್ಕಾಲು ಗಂಟೆಯ ಹತ್ತಿರ ಹೋಗುತ್ತದೆ. ನಾಲ್ಕು ಗಂಟೆಗೆ ಹೆಸರು, ಪಾತ್ರ. ನಾಲ್ಕೂಕಾಲಿಗೆ ಊರ ಕಟ್ಟೆ. ನಾಲ್ಕೂ ಮುಕ್ಕಾಲರೊಳಗೆ ಊರು ಬಿಟ್ಟಿರಬೇಕು. ಐದೂವರೆಗೆ ಹತ್ತು ನಿಮಿಷ ಕಾಫಿ. ಆರೂಕಾಲಾದರೂ ಕೊನೆಯ ಕೋಣೆ ತಲುಪಿರದಿದ್ದರೆ ನಡುವಿನ ಕೋಣೆಗಳನ್ನು ತೆಗೆದುಬಿಡಿ. ಅವು ಇದ್ದವು ಎಂದು ನಿಮ್ಮ ಹೊರತು ಯಾರಿಗೂ ಗೊತ್ತಿಲ್ಲ. ಶತ್ರುಗಳಲ್ಲಿ ಅರ್ಧದಷ್ಟು ಸತ್ತ ಮೇಲೆ ಉಳಿದವರು ಓಡಿಹೋಗಲಿ, ಗೆದ್ದಾಗಿರುವ ಕಾಳಗವನ್ನು ಎಳೆಯುವುದರಲ್ಲೇ ಹೆಚ್ಚು ಹೊತ್ತು ಪೋಲಾಗುವುದು.

ಮುಂದಿನ ದಾರಿ ತಿಳಿಯುವ ಸುಳಿವನ್ನು ಒಂದೇ ದಾಳದ ಹಿಂದೆ ಬಚ್ಚಿಡಬೇಡಿ. ಇಪ್ಪತ್ತು ಮುಖದ ದಾಳದಲ್ಲಿ 11 ಅಥವಾ ಹೆಚ್ಚು ಬೇಕು ಎಂದರೆ, ಕೂಡಿಸಲು ಏನೂ ಇಲ್ಲದವನಿಗೆ ಸಿಗುವ ಸಾಧ್ಯತೆ ಅರ್ಧಕ್ಕರ್ಧ. ಸಿಗದಿದ್ದರೆ ಐವರೂ ಗೋಡೆ ನೋಡುತ್ತ ಕೂರುತ್ತಾರೆ. ಸುಳಿವು ಹೇಗೂ ಸಿಗಲಿ. ಗರ ಬಿದ್ದರೆ ಬೇಗ, ಬೀಳದಿದ್ದರೆ ಸದ್ದಾಗಿ ಕಾವಲುಗಾರ ಎಚ್ಚರವಾಗುತ್ತಾನೆ. ಹಾಗೆಯೇ ಕೊನೆಯ ದೊಡ್ಡ ಶತ್ರುವನ್ನು ಒಬ್ಬಂಟಿಯಾಗಿ ನಿಲ್ಲಿಸಬೇಡಿ. ಅವನಿಗೆ ಒಂದು ಸರದಿ ಬರುವಷ್ಟರಲ್ಲಿ ಎದುರಿನವರಿಗೆ ಐದು ಬಂದಿರುತ್ತವೆ, ಎರಡು ಸುತ್ತಿನಲ್ಲಿ ಬೀಳುತ್ತಾನೆ. ನಾಲ್ಕು ಬಂಟರನ್ನು ಜತೆಗೆ ಕೊಡಿ.

ಮೇಜಿನ ಸುತ್ತ ಜನ

ಅಂಗಡಿ ಎಂದರೆ ಸಾರ್ವಜನಿಕ ಜಾಗ. ಹನ್ನೆರಡರ ಹುಡುಗನೂ ನಲವತ್ತರ ಅಂಕಲ್ಲೂ ಪಕ್ಕಪಕ್ಕ ಕೂರುತ್ತಾರೆ. ಚಿತ್ರಹಿಂಸೆ, ಲೈಂಗಿಕ ವಿಷಯ, ಮಕ್ಕಳಿಗೆ ಹಿಂಸೆ, ಜಾತಿಯ ನಿಂದೆ ಈ ಮೇಜಿನಲ್ಲಿ ಬರುವುದಿಲ್ಲ ಎಂದು ಮೊದಲ ಹತ್ತು ನಿಮಿಷದಲ್ಲೇ ಹೇಳಿ. ನಡುವೆ ಎಕ್ಸ್ ಬರೆದ ಒಂದು ಚೀಟಿ ಇಡಿ. ಯಾರು ಅದನ್ನು ಮುಟ್ಟಿದರೂ ಆ ದೃಶ್ಯ ಅಲ್ಲಿಗೆ ನಿಲ್ಲುತ್ತದೆ, ಕಾರಣ ಕೇಳುವಂತಿಲ್ಲ. ಚಿಕ್ಕವರು ಬಂದರೆ ಮನೆಯ ದೊಡ್ಡವರೊಬ್ಬರ ಒಪ್ಪಿಗೆ, ಫೋನ್ ನಂಬರ್ ಪಡೆಯಿರಿ.

ಒಬ್ಬರೇ ಎಲ್ಲರ ಪರವಾಗಿ ಮಾತಾಡುತ್ತಿದ್ದರೆ ಬೈಯಬೇಡಿ. ಸುಮ್ಮನಿರುವವರ ಪಾತ್ರದ ಹೆಸರು ಹಿಡಿದು ಕೇಳಿ: ‘ಕೆಂಚಿ, ಆ ಬಾಗಿಲ ಹತ್ತಿರ ನೀನಿದ್ದೀಯ, ಏನು ಮಾಡ್ತೀಯ?’ ನಿಯಮದ ಜಗಳಕ್ಕೆ ಎರಡು ನಿಮಿಷ. ಪುಸ್ತಕದಲ್ಲಿ ಸಿಗದಿದ್ದರೆ ಆಟಗಾರನ ಪರವಾಗಿ ತೀರ್ಪು ಕೊಟ್ಟು ಮುಂದೆ ಹೋಗಿ, ಸರಿಯಾದದ್ದನ್ನು ಮನೆಯಲ್ಲಿ ಹುಡುಕಿ ಮರುದಿನ ಗುಂಪಿಗೆ ಹಾಕಿ.

ನಿಂತು ನೋಡುವವರನ್ನು ಓಡಿಸಬೇಡಿ, ಮುಂದಿನ ವಾರದ ಆಟಗಾರರು ಅವರೇ. ಒಂದು ಗಾಬ್ಲಿನ್‌ನ ದಾಳವನ್ನು ಅವರ ಕೈಗೆ ಕೊಟ್ಟು ಹಾಕಿಸಿ.

ಏಳಕ್ಕೆ ಹತ್ತು ನಿಮಿಷ ಇರುವಾಗ ನಿಲ್ಲಿಸಿ. ಯಾರು ಬಂದಿದ್ದರು, ಯಾವ ಹಂತ, ಏನು ಸಿಕ್ಕಿತು, ಊರಲ್ಲಿ ಏನು ಬದಲಾಯಿತು ಎಂದು ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆದು, ಅದೇ ಪುಟದ ಫೋಟೋವನ್ನು ಗುಂಪಿಗೆ ಕಳಿಸಿ. ಬಾರದವರು ಅದನ್ನೋದಿ ಮುಂದಿನ ವಾರ ನೇರ ಸೇರಿಕೊಳ್ಳುತ್ತಾರೆ. ಆರನೆಯ ವಾರದ ಹೊತ್ತಿಗೆ ಆಟಗಾರರಲ್ಲಿ ಒಬ್ಬರಿಗೆ ಒಂದು ಸಂಜೆ ನಡೆಸಲು ಕೊಡಿ, ಪೆಟ್ಟಿಗೆ ಮತ್ತು ನೋಟ್‌ಬುಕ್ ಅವರ ಕೈಗಿಟ್ಟು ನೀವು ಆಟಗಾರರ ಕುರ್ಚಿಯಲ್ಲಿ ಕೂರಿ. ನಿಮಗೆ ಜ್ವರ ಬಂದ ಭಾನುವಾರ ಮೇಜು ಖಾಲಿ ಇರಬಾರದಲ್ಲ.